ಬೇರಿನ ತುದಿಯಲ್ಲಿ ಒಂದು ಎರಡಾಗುವ ಹೊತ್ತು

ನಾಸಿಕ ಜಿಲ್ಲೆಯ ನಿಫಾಡದ ಬೀದಿಯಲ್ಲಿ ಹಾಲಿನ ಸೈಕಲ್ಲುಗಳು ಓಡಾಡುತ್ತಿರುವಾಗಲೇ ಕೌಸಲ್ಯಾಬಾಯಿ ಗಾಂಗುರ್ಡೆ ಹಿತ್ತಲ ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಕಟ್ಟೆಯ ಮೇಲೆ ಚಹಾದ ಗಾಜಿನ ಲೋಟಗಳ ಸಾಲು. ಲೋಟದ ಬಾಯಿಗೊಂದು ಈರುಳ್ಳಿ, ಬುಡವಷ್ಟೇ ನೀರಿಗೆ ತಾಗುವ ಹಾಗೆ. ನೀರಿನಲ್ಲಿ ಬಿಳಿಯ ಬೇರುಗಳು ಇಳಿಬಿದ್ದಿವೆ. ಕೌಸಲ್ಯಾಬಾಯಿ ಒಂದೊಂದೇ ಈರುಳ್ಳಿ ಎತ್ತಿ, ಬೇರಿನ ತುದಿಯನ್ನು ಅಕ್ಕಿನುಚ್ಚಿನಷ್ಟು ಕತ್ತರಿಸಿ, ಮದ್ಯಸಾರದ ಶೀಶೆಗೆ ಹಾಕುತ್ತಾರೆ. ಚಹಾ ಆಮೇಲೆ. ಮಾತೂ ಆಮೇಲೆ.

"ಮುಂಜಾನೆ ಇವುಗಳ ಹೆರಿಗಿ ಹೊತ್ತು," ಎನ್ನುತ್ತಾರೆ ಕಡೆಯ ತುದಿ ಶೀಶೆಗೆ ಬಿದ್ದ ಮೇಲೆ. "ಬಿಸಿಲು ಏರಿದ ಮ್ಯಾಲೆ ಕೊಯ್ದ್ರ ಒಂದೋ ಎರಡೋ ಸಿಗತಾವ. ಈಗ ಕೊಯ್ದ್ರ ಮನಿ ತುಂಬ."

ಹೆರಿಗೆ ಆಗುವುದು ಜೀವಕೋಶಕ್ಕೆ. ಶಾಲೆಯ ವಿಜ್ಞಾನದ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ಸ್ಲೈಡು ಇಟ್ಟು ಒಂದು ಕೋಶ ಎರಡಾಗುವುದನ್ನು ನಾವೆಲ್ಲ ನೋಡಿದವರೇ. ಆ ಸ್ಲೈಡನ್ನು ಮಾಡಿದವರು ಯಾರು ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಿದ್ದುಂಟೆ? ಈ ಜಿಲ್ಲೆಯ ಎಷ್ಟೋ ಶಾಲೆಗಳ ಮಟ್ಟಿಗೆ ಅದು ಈ ಬಾಯಿ. ಓದಿದ್ದು ಏಳನೆಯ ಇಯತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಸೇರಿದರು. ಅಲ್ಲಿನ ಮೇಡಂ ಒಬ್ಬರು ಒಂದು ದಿನ ಕರೆದು, ಈರುಳ್ಳಿ ಸಿಪ್ಪೆಯ ಸ್ಲೈಡು ತೋರಿಸಿದರು.

"ಇಟ್ಟಂಗಿ ಗೋಡಿ ಹಂಗ ಕಂಡ್ತು," ಎಂದು ಬಾಯಿ ನೆನೆಯುತ್ತಾರೆ. "ಒಂದೊಂದು ಇಟ್ಟಂಗಿ ಒಳಗ ಒಂದೊಂದು ಚುಕ್ಕಿ. ಇದೇನ್ರಿ ಮೇಡಂ ಅಂದೆ. ಆಕಿ ಮನಿ ಯಜಮಾನತಿ ಅಂದ್ರು. ಏನು ಕಟ್ಟಬೇಕು, ಏನು ಉಣ್ಣಬೇಕು, ಯಾವಾಗ ಒಂದು ಎರಡಾಗಬೇಕು, ಎಲ್ಲಾ ಆಕಿ ಹೇಳಿದಂಗ. ಅವತ್ತು ಮನಿಗೆ ಬಂದು ಪಲ್ಯಕ್ಕ ಈರುಳ್ಳಿ ಹೆಚ್ಚಲಿಕ್ಕೆ ಕೈ ಬರಲಿಲ್ಲ ನೋಡ್ರಿ."

ಸ್ಲೈಡು ಮಾಡುವುದನ್ನೂ ಆ ಮೇಡಂ ಕಲಿಸಿದರು. ಮುಂದೆ ಆ ವಿಭಾಗ ಮುಚ್ಚಿತು, ಕೆಲಸ ಹೋಯಿತು. ಮೇಡಂ ತಮ್ಮ ಹಳೆಯ ಸೂಕ್ಷ್ಮದರ್ಶಕವನ್ನು ಕೊಟ್ಟು ಹರಸಿದರು. ಅಂದಿನಿಂದ ಅಡುಗೆಮನೆಯ ಕಿಟಕಿಯೇ ಬಾಯಿಯ ಕಾರ್ಖಾನೆ. ಬೇರನ್ನು ಮೆತ್ತಗೆ ಮಾಡುವ ಆಮ್ಲದ ಹಬೆಗೆ ಬೆರಳ ತುದಿಗಳು ಒರಟಾಗಿವೆ. ಕೋಶ ಕಾಣಲೆಂದು ಕುಡಿಸುವ ಕೆಂಪು ಬಣ್ಣ ಹೆಬ್ಬೆರಳ ಉಗುರಿನಿಂದ ಹೋಗಿಯೇ ಇಲ್ಲ. ಮೊದಲ ವರ್ಷ ಮಾಡಿದ್ದರಲ್ಲಿ ಅರ್ಧಕ್ಕರ್ಧ ಒಡೆದವು. ಮೃದುವಾದ ಬೇರಿನ ತುದಿಯನ್ನು ಎರಡು ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತಬೇಕು. ಜೋರಾದರೆ ಗಾಜು ಚೂರು, ಮೆತ್ತಗಾದರೆ ಕೋಶಗಳು ಒಂದರ ಮೇಲೊಂದು ಬಿದ್ದು ಗೋಜಲು.

ಮನುಷ್ಯನ ಕೋಶದ ಸ್ಲೈಡೂ ಇಲ್ಲೇ ತಯಾರಾಗುತ್ತದೆ. ಅದಕ್ಕೆ ಕಚ್ಚಾ ಮಾಲು ಗಂಡ ಕಚರೂ ಅವರ ಕೆನ್ನೆ. ಹಲ್ಲುಕಡ್ಡಿಯಿಂದ ಕೆನ್ನೆಯ ಒಳಗೆ ಮೆಲ್ಲಗೆ ಕೆರೆದರೆ ಸಾಕು.

"ಇವರು ಓಣಿ ದಾಟಿ ಹೋಗಂಗಿಲ್ಲ. ಗಲ್ಲ ಮಾತ್ರ ಜಿಲ್ಲಾ ಎಲ್ಲಾ ತಿರುಗ್ಯಾಡೇತಿ," ಎಂದು ಬಾಯಿ ಚುಡಾಯಿಸುತ್ತಾರೆ. "ಈರುಳ್ಳಿ ಕೋಶಕ್ಕ ಗೋಡಿ ಇರತೈತಿ, ಸೆಟೆದು ನಿಂದ್ರತಾವ. ಮನುಷ್ಯಾನ ಕೋಶಕ್ಕ ಬರೇ ತೆಳ್ಳನ ಪರದೆ. ಅದಕ್ಕ ಜೋತು ಬಿದ್ದಾವ, ಇವರಂಗ."

"ಜೋತು ಬಿದ್ರೂ ಹುಡುಗರ ಪರೀಕ್ಷಾದಾಗ ಬರತೇನಲ್ಲ," ಎನ್ನುತ್ತಾರೆ ಕಚರೂ, ಭಾಕರಿ ರೊಟ್ಟಿ ಮುರಿಯುತ್ತ.

ಈ ವರ್ಷ ಮಾತ್ರ ಮನೆಯಲ್ಲಿ ನಗೆ ಕಡಿಮೆ. ಶಾಲೆಗಳಿಗೆ ಪ್ರಯೋಗದ ಸಾಮಾನು ಒದಗಿಸುವ ನಾಸಿಕದ ವಾಕ್ಚೌರೆ ಬೇಸಗೆಯಲ್ಲೇ ಬಂದು ಖಡಕ್ಕಾಗಿ ಹೇಳಿ ಹೋಗಿದ್ದಾರೆ. "ಶಾಲಿ ಸುರು ಆಗೋದ್ರೊಳಗ ಸ್ಲೈಡು ಬರಲಿಲ್ಲ ಅಂದ್ರ ಈ ಸಲ ಚಿತ್ರ ಕೊಡತೇನಿ ತಾಯಿ. ಗೋಡಿ ಮ್ಯಾಲೆ ದೊಡ್ಡದಾಗಿ ತೋರಿಸ್ತಾರ. ಒಮ್ಮೆ ಚಿತ್ರ ಹೋತು ಅಂದ್ರ ಮತ್ತ ಸ್ಲೈಡು ಯಾರೂ ಕೇಳಂಗಿಲ್ಲ." ಅಂದರೆ ಬಾಯಿಯ ಕಿಟಕಿ ಮುಚ್ಚಿದಂತೆಯೇ.

ಆ ಹೊತ್ತಿಗೇ ಈರುಳ್ಳಿ ಕೈಕೊಟ್ಟಿತು. ಮಂಡಿಯ ವ್ಯಾಪಾರಿ ರತನಶೇಠ ಪ್ರತಿವರ್ಷ ಬಾಯಿಗೆ ಒಂದು ಬುಟ್ಟಿ ಈರುಳ್ಳಿ ತಾನೇ ಆರಿಸಿ ಕಳಿಸುತ್ತಾನೆ. ಈ ಸಲದ್ದು ನೋಡಲು ಎಷ್ಟು ಚೆಂದ! ಕೆಂಪಗೆ, ಗಟ್ಟಿಯಾಗಿ, ಒಂದೇ ಗಾತ್ರ. ಲೋಟದ ಮೇಲೆ ಕೂರಿಸಿದರೆ ಬೇರು ಎಳೆಯಷ್ಟು ಇಳಿದು ಅಲ್ಲೇ ನಿಂತಿತು. ಅದನ್ನೇ ಕೊಯ್ದು ಸ್ಲೈಡು ಮಾಡಿದರೆ ಗೋಡೆ ನೆಟ್ಟಗಿದೆ, ನಡುವೆ ಚುಕ್ಕಿ ಇದೆ, ಎರಡಾಗುತ್ತಿರುವ ಕೋಶ ಮಾತ್ರ ಒಂದೂ ಇಲ್ಲ.

"ಮನಿ ಐತಿ, ಯಜಮಾನತಿ ಅದಾಳ, ತೊಟ್ಟಿಲಿಲ್ಲ," ಎಂದು ಬಾಯಿ ತಲೆಯ ಮೇಲೆ ಕೈಹೊತ್ತು ಕುಳಿತರು. ನಲ್ಲಿ ನೀರು ಬಿಟ್ಟು ಬಾವಿ ನೀರು ತಂದರು. ಬ್ಲೇಡು ಬದಲಿಸಿದರು. ತಮ್ಮ ಕೈಗುಣವೇ ಹೋಯಿತೇನೋ ಎಂದು ಹೆದರಿದರು. ದಿನಗಳು ಸುಮ್ಮನೆ ಜಾರಿದವು. ಕಡೆಗೆ ಮಂಡಿಗೇ ಹೋಗಿ ಕೇಳಿದಾಗ ಬಾಯಿಯನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವ ರತನಶೇಠ ಎದೆಯುಬ್ಬಿಸಿ ಹೇಳಿದ.

"ಪರದೇಶಕ್ಕ ಹೋಗೋ ಮಾಲು ವೈನಿ. ಮೊಳಕಿ ಬರಬಾರದು ಅಂತ ಯಂತ್ರದಾಗ ಕಿರಣ ಹಾಯಿಸಿ ತಂದದ್ದು. ಎಷ್ಟು ತಿಂಗಳು ಇಟ್ರೂ ಹಂಗ ಇರತೈತಿ. ಶಾಲಿ ಮಕ್ಕಳು ನೋಡೋದಲ್ಲ, ಚಲೋದು ಇರಲಿ ಅಂತ ಕಳಿಸೇನಿ."

ಮೊಳಕೆಯನ್ನು ತಡೆದ ಕಿರಣವೇ ಬೇರಿನ ಕೋಶ ಎರಡಾಗುವುದನ್ನೂ ತಡೆದಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಸುಮ್ಮನೆಯೇ? ಪಾಪ, ಪ್ರೀತಿಯಿಂದ ಕೊಟ್ಟವನನ್ನು ಬೈಯುವುದಾದರೂ ಹೇಗೆ. ಬಾಯಿ ಮಂಡಿಯ ಹಿಂಬದಿಗೆ ನಡೆದರು. ಅಲ್ಲಿ ಮೊಳಕೆಯೊಡೆದದ್ದು, ಬೇರು ಬಿಟ್ಟದ್ದು ಎಂದು ವ್ಯಾಪಾರಿಗಳು ಶಪಿಸಿ ಎಸೆದ ರಾಶಿ. ಸೆರಗಿನ ತುಂಬ ಅದನ್ನೇ ಆರಿಸಿಕೊಂಡರು.

"ಬ್ಯಾಡ ವೈನಿ, ರತನಶೇಠ ತಿಪ್ಪಿ ಮಾಲು ಕೊಟ್ಟ ಅಂತಾರ ಮಂದಿ," ಎಂದು ಆತ ಹಿಂದಿಂದೆ ಓಡಿಬಂದ.

"ನಿನಗ ತಿಪ್ಪಿ ಶೇಠ. ನನಗ ಬಾಣಂತಿ ಕೋಣಿ," ಎಂದರಂತೆ ಬಾಯಿ.

ನಾವು ಹಿತ್ತಲಲ್ಲಿ ಕಂಡ ಆ ಮುಂಜಾನೆ ಕೊಯ್ದದ್ದು ಆ ರಾಶಿಯ ಬೇರುಗಳನ್ನೇ. ಮರುದಿನ ಮಧ್ಯಾಹ್ನ ಸರಕು ನೋಡಲು ವಾಕ್ಚೌರೆ ಬಂದು ಕುಳಿತಿದ್ದಾರೆ. ಬಾಯಿ ತುದಿಯನ್ನು ಆಮ್ಲದಲ್ಲಿ ಬೆಚ್ಚಗೆ ಮಾಡಿ, ಕೆಂಪು ಬಣ್ಣ ಕುಡಿಸಿ, ಗಾಜು ಮುಚ್ಚಿ ಹೆಬ್ಬೆರಳು ಒತ್ತುತ್ತಾರೆ. ಕಣ್ಣಿಟ್ಟು ನೋಡುತ್ತಾರೆ. ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡುತ್ತಾರೆ. ಕಚರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ಬಂದಾವ," ಎನ್ನುತ್ತಾರೆ ಬಾಯಿ. ಕಣ್ಣು ಒದ್ದೆಯಾಗಿದೆ, ಅದನ್ನು ಮುಚ್ಚಿಡುವುದೂ ಇಲ್ಲ.

ವಾಕ್ಚೌರೆ ಬಗ್ಗಿ ನೋಡುತ್ತಾರೆ. ಒಂದು ಕೋಶದಲ್ಲಿ ಕಡುಗೆಂಪು ಎಳೆಗಳು ನಟ್ಟನಡುವೆ ಸಾಲುಗಟ್ಟಿವೆ. ಪಕ್ಕದ್ದರಲ್ಲಿ ಅದೇ ಎಳೆಗಳು ಅರ್ಧರ್ಧ ಪಾಲಾಗಿ ಎರಡೂ ತುದಿಗೆ ಸರಿದಿವೆ. ಇನ್ನೊಂದರಲ್ಲಿ ಎರಡು ಚುಕ್ಕಿಗಳ ನಡುವೆ ಹೊಸ ಗೋಡೆ ಏಳುತ್ತಿದೆ. ಅವರು ಮೇಲೆದ್ದು, ಚಿತ್ರದ ಮಾತು ಈ ವರ್ಷ ಬೇಡ ಎನ್ನುತ್ತಾರೆ. ಮುಂದಿನ ವರ್ಷದ ಮಾತನ್ನು ಅವರೂ ಆಡುವುದಿಲ್ಲ, ಬಾಯಿಯೂ ಕೇಳುವುದಿಲ್ಲ.

"ಮತ್ತೇನರ ಬೇಕೇನು ತಾಯಿ?" ಎಂದು ಚಪ್ಪಲಿ ಮೆಟ್ಟುತ್ತ ಕೇಳುತ್ತಾರೆ.

ಬಾಯಿ ಸ್ವಲ್ಪ ನಾಚುತ್ತಾರೆ. "ಚಿತ್ರ ತೋರಿಸಿದ್ರ ಮಕ್ಕಳು ಸುಮ್ಮನ ಹೌದ್ರಿ ಅಂತಾವಂತ. ಇದನ್ನ ನೋಡಿದ್ರ ಬೆರಗಾಗಿ ಹೌದಾ! ಅಂತಾವಂತ. ಆ ಹೌದಾ ನಾನು ಒಮ್ಮೆನೂ ಕೇಳಿಲ್ಲ. ಯಾವುದಾದರೂ ಶಾಲ್ಯಾಗ ಹೇಳ್ರಿ ಸಾಹೇಬ್ರ, ಒಳಗ ಬರಂಗಿಲ್ಲ, ಬಾಗಿಲ ಹೊರಗ ನಿಂತು ಕೇಳಿ ಬರತೇನಿ."