ನನ್ನ ಸೊಸೆ, ಡೈರೆಕ್ಟ್ರು

“ಇನ್ನೊಂದ್ಸಲ ಅತ್ತೆ. ಅಳ್‌ಬ್ಯಾಡಿ, ಬಸ್ ಓದ ದಾರೀನೇ ನೋಡ್ತಾ ನಿಂತ್ಕಳಿ,” ಎಂದಳು ನನ್ನ ಸೊಸೆ ಪವಿತ್ರ. ಮುಳ್ಳೂರಿನ ಬಸ್ ನಿಲ್ದಾಣದಲ್ಲಿ ಅವಳ ಮೊದಲ ಕಿರುಚಿತ್ರದ ಕೊನೆಯ ದೃಶ್ಯ ನಡೆಯುತ್ತಿತ್ತು. ತಾಯಿಯ ಪಾತ್ರ ಮಾಡಬೇಕಿದ್ದವರು ಜ್ವರವೆಂದು ಬಂದಿರಲಿಲ್ಲ. ಬಾಡಿಗೆ ಕ್ಯಾಮೆರಾವನ್ನು ಸಂಜೆಯೊಳಗೆ ಮೈಸೂರಿಗೆ ಹಿಂತಿರುಗಿಸಬೇಕಿತ್ತು. ಎಲ್ಲರಿಗೂ ಊಟ ತಂದಿದ್ದ ನನ್ನನ್ನೇ ಅವಳು ಆ ಪಾತ್ರಕ್ಕೆ ನಿಲ್ಲಿಸಿಬಿಟ್ಟಳು. ಕೊಳ್ಳೇಗಾಲದಲ್ಲಿ ಮಗ್ಗದ ಮುಂದೆಯೇ ಆಯುಷ್ಯ ಕಳೆದ ನಾನು ಕ್ಯಾಮೆರಾ ಮುಂದೆ ನಿಂತೊಡನೆ ಅತ್ತುಬಿಡುತ್ತಿದ್ದೆ. ಮನೆಯಲ್ಲಿ ದನಿ ಎತ್ತದ ಹುಡುಗಿ ಇಲ್ಲಿ ಒಂದೇ ಮಾತಿಗೆ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದಳು.

ನೋಡುತ್ತಾ ನಿಂತಿದ್ದ ಊರಿನ ಹೆಂಗಸೊಬ್ಬಳು ನಕ್ಕಳು. “ಏನಕ್ಕಾ, ಸೊಸೆ ಯೋಳ್ದಂಗೆಲ್ಲಾ ಕುಣೀತಿದ್ದೀಯಲ್ಲ?”

“ಈಗ ಅವ್ಳು ಸೊಸೆ ಅಲ್ಲ ಕಣವ್ವ, ಡೈರೆಕ್ಟ್ರು,” ಎಂದೆ. ಹಾಗೆ ಹೇಳುವಾಗ ನನಗೇ ಎದೆಯುಬ್ಬಿತು. ಮತ್ತೆ ದಾರಿ ನೋಡುತ್ತಾ ನಿಂತೆ, ಅಳಲಿಲ್ಲ. ಪವಿತ್ರ “ಓಕೆ” ಎಂದವಳೇ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು.

ಕಳೆದ ತಿಂಗಳು ಯಳಂದೂರಿನಲ್ಲಿ ಆ ಚಿತ್ರ ತೋರಿಸಿದರು. ಪರದೆಯ ಮೇಲೆ ‘ನಿರ್ದೇಶನ’ ಎಂದು ಅವಳ ಹೆಸರು ಬಂದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನು. ಅವಳೀಗ ಎರಡನೇ ಕಥೆ ಬರೆಯುತ್ತಿದ್ದಾಳೆ. ಅವಳು ಬರೆಯಲು ಕೂತ ಹೊತ್ತಿನಲ್ಲಿ ಒಲೆಯ ಮುಂದೆ ನಾನಿರುತ್ತೇನೆ.