ದೊಡ್ಡಮ್ಮ ಒರಗಿಸಿ ಹೋದ ಮರ

ದೊಡ್ಡಮ್ಮನ ಶಾವಿಗೆ ಒರಳಿನ ಮರವನ್ನು ಕೊಯ್ದದ್ದು ನಾನು. ಕೊಯ್ದ ಮೇಲೆ, ನೀನು ಅದನ್ನು ತಂದೇ ಇಲ್ಲ ಎಂದು ಅವಳ ಮುಖಕ್ಕೇ ಹೇಳಿದ್ದೂ ನಾನೇ. ಮೊದಲನೆಯದು ತಪ್ಪು. ಎರಡನೆಯದು — ಅದಕ್ಕೇನು ಹೆಸರೋ ಗೊತ್ತಿಲ್ಲ, ಅದಕ್ಕಾಗಿಯೇ ಬರೆಯಲು ಕೂತಿದ್ದೇನೆ.

ನನಗೆ ಮರಗೆಲಸ ಯಾರೂ ಕಲಿಸಲಿಲ್ಲ. ಫೋನಿನಲ್ಲಿ ವಿಡಿಯೊ ನೋಡಿ ಕಲಿತೆ. ಬೆಳಗೋಡಿನ ಹತ್ತಿರ ನಮ್ಮ ಮನೆಯ ಪಕ್ಕ, ಮೊದಲು ಕಾಫಿ ಮೂಟೆ ಇಡುತ್ತಿದ್ದ ಶೆಡ್ಡೇ ನನ್ನ ವರ್ಕ್‌ಶಾಪ್. ಸ್ಟೂಲು, ದೇವರ ಮಂಟಪ, ಕೋಳಿಗೂಡು — ಏನು ಮಾಡಿದರೂ ಕೊನೆಗೆ ತುಂಡುಗಳು ಉಳಿಯುತ್ತಿದ್ದವು. ಸಿಲ್ವರ್ ಓಕ್ ಪಟ್ಟಿ, ಹಲಸಿನ ಚೂರು, ಯಾವುದೋ ಹಳೆ ಕಿಟಕಿಯ ಚೌಕಟ್ಟು. ಎಸೆಯಲು ಮನಸ್ಸಿಲ್ಲ, ಬೇಕಾದಾಗ ಬೇಕಾದ ತುಂಡು ಸಿಗುವುದೂ ಇಲ್ಲ. "ಒಲೆಗಾದ್ರೂ ಹಾಕೋ ಮಾರಾಯ, ಸ್ನಾನಕ್ಕೆ ನೀರು ಕಾಯ್ತದೆ" ಎಂದು ಅಪ್ಪ ದಿನಾ ಹಂಗಿಸುತ್ತಿದ್ದರು.

ಅದಕ್ಕೇ ತುಂಡುಗಳನ್ನು ಜೋಡಿಸಿಡಲು ಒಂದು ಗೂಡು ಕಟ್ಟಲು ಹೊರಟೆ. ವಿಡಿಯೊದವನು ಅದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದ! ಅವನ ತುಂಡುಗಳೆಲ್ಲ ಒಂದೇ ದಪ್ಪದ ಪ್ಲೈವುಡ್. ನನ್ನವು ಒಂದು ಸೊಟ್ಟ, ಒಂದು ಗಂಟು, ಇನ್ನೊಂದು ಮಳೆಗೆ ಉಬ್ಬಿಕೊಂಡಿದ್ದು. ಖಾನೆ ಆಳ ಮಾಡಿದರೆ ಗಿಡ್ಡ ತುಂಡುಗಳು ತಳದಲ್ಲಿ ಮುಳುಗಿಹೋಗುತ್ತಿದ್ದವು. ಆಳ ಕಡಿಮೆ ಮಾಡಿದರೆ ಉದ್ದದವು ಇಡೀ ಗೂಡನ್ನೇ ಮುಂದಕ್ಕೆ ಎಳೆದುಕೊಂಡು ವಾಲುತ್ತಿದ್ದವು. ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ತುಂಡು ಇಡಲು ಕಟ್ಟುವ ಗೂಡಿನಿಂದಲೇ ಇನ್ನಷ್ಟು ತುಂಡು — ತಲೆ ಕೆಟ್ಟುಹೋಗಿತ್ತು.

ಆಗಲೇ ಪಕ್ಕದ ಮನೆಯ ದೊಡ್ಡಮ್ಮ — ಅಪ್ಪನ ಅಣ್ಣನ ಹೆಂಡತಿ — ತನ್ನ ಶಾವಿಗೆ ಒರಳನ್ನು ರಿಪೇರಿಗೆ ಕೊಟ್ಟಳು. ಅದರ ಕಾಲು ಅಲ್ಲಾಡುತ್ತಿತ್ತು. ನನ್ನನ್ನು ನಂಬಿ ಕೆಲಸ ಕೊಟ್ಟವರಲ್ಲಿ ಅವಳೇ ಮೊದಲು. ಬೇಯಿಸಿದ ಅಕ್ಕಿ ಹಿಟ್ಟಿನ ಉಂಡೆಯನ್ನು ಒರಳಿನ ಕುಳಿಗೆ ಹಾಕಿ, ಮೇಲೊಂದು ಉದ್ದನೆಯ ಮರ ಸಿಕ್ಕಿಸಿ, ಅದರ ತುದಿಯ ಮೇಲೆ ಯಾರಾದರೂ ಭಾರ ಬಿಟ್ಟು ಕೂತರೆ ಕೆಳಗೆ ಶಾವಿಗೆ ಇಳಿಯುತ್ತದೆ. ಗೌರಿ ಹಬ್ಬಕ್ಕೆ ನಮ್ಮ ಕೇರಿಯ ಶಾವಿಗೆಯೆಲ್ಲ ಅದರಲ್ಲೇ ಆಗುತ್ತಿತ್ತು. ಆ ತುದಿಯ ಮೇಲೆ ಕೂರಲು ಚಿಕ್ಕವರಿದ್ದಾಗ ನಾವೆಲ್ಲ ಜಗಳವಾಡುತ್ತಿದ್ದೆವು.

ಒರಳನ್ನು ಅವಳ ಮಗ, ನನ್ನ ಅಣ್ಣ, ತಂದಿಟ್ಟ. ಮರವನ್ನು ಮಾರನೆಯ ದಿನ ದೊಡ್ಡಮ್ಮನೇ ಹೊತ್ತು ತಂದಳು.

"ಇಲ್ಲಿ ಒರಗ್ಸಿದೀನಿ ಕಣೋ, ನೋಡ್ಕೋ."

ವಿಡಿಯೊದಿಂದ ತಲೆ ಎತ್ತದೆ "ಹೂಂ" ಎಂದೆ. ಅವಳು ಒರಗಿಸಿದ್ದು ತುಂಡುಗಳ ರಾಶಿಗೆ.

ಗೂಡು ವಾಲದಂತೆ ಹಿಂದೆ ಎರಡು ಗಟ್ಟಿ ಆಸರೆ ಬೇಕಿತ್ತು. ಕೈಗೆ ಸಿಕ್ಕಿದ್ದು ಅದೇ. ಕಪ್ಪಗೆ, ಒಣಗಿ ಕಬ್ಬಿಣದಂತೆ ಇತ್ತು. ಅರ್ಧ ಕೊಯ್ದಿದ್ದೆ, ಗರಗಸದ ಬಿಸಿಗೆ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಪ್ರತಿ ವರ್ಷ ಹಬ್ಬ ಮುಗಿದ ಮೇಲೆ ದೊಡ್ಡಮ್ಮ ಆ ಮರಕ್ಕೆ ಎಣ್ಣೆ ಸವರಿ ಅಟ್ಟಕ್ಕೆ ಏರಿಸುತ್ತಿದ್ದಳು... ಕೈ ನಿಂತಿತು. ಆಮೇಲೆ — ಅರ್ಧ ಕೊಯ್ದದ್ದು ಇನ್ನು ಯಾರಿಗೆ ಬೇಕು ಎಂದುಕೊಂಡು — ಪೂರ್ತಿ ಕೊಯ್ದುಬಿಟ್ಟೆ. ಮೇಲ್ಮೈ ಹೆರೆದು, ಗುರುತು ಸಿಗದ ಹಾಗೆ ಮಾಡಿ, ಹಿಂಬದಿಗೆ ಜಡಿದೆ. ಗೂಡು ಅಲ್ಲಾಡದೆ ನಿಂತಿತು. ನನಗೆ ಖುಷಿಯಾಯಿತು. ಅದನ್ನೂ ಮುಚ್ಚಿಡಬಾರದು.

ಹಬ್ಬಕ್ಕೆ ಮುಂಚೆ ದೊಡ್ಡಮ್ಮ ಬಂದಳು. "ಕಾಲು ಗಟ್ಟಿಯಾಗೈತೆ, ಪರವಾಗಿಲ್ಲ ಕಣೋ ನೀನು. ಮರ ಎಲ್ಲಿ?"

"ಒರಳೊಂದೇ ಬಂದಿದ್ದು ದೊಡ್ಡಮ್ಮ. ಮರ ನೀನು ತಂದೇ ಇಲ್ವಲ್ಲ."

"ತಂದಿದ್ನಲ್ಲೋ... ಇಲ್ಲೇ ಒರಗ್ಸಿದ್ದೆ..." ನನ್ನ ಮುಖ ನೋಡಿದಳು. ನಾನು ನೋಟ ತಪ್ಪಿಸಲಿಲ್ಲ. ಅವಳೇ ತಪ್ಪಿಸಿದಳು.

ಅಟ್ಟ, ಹಿತ್ತಿಲು, ಕೊಟ್ಟಿಗೆ ಎಲ್ಲ ಹುಡುಕಿದಳಂತೆ. "ಕಾಲು ಬಂದು ಎದ್ದೋಯ್ತಾ ಅತ್ತೆ ನಿಮ್ ಮರ?" ಎಂದು ಅವಳ ಸೊಸೆ, ನನ್ನ ಅತ್ತಿಗೆ, ನಕ್ಕಳು. ಎಲ್ಲರೂ ನಕ್ಕರು. ನಾನೂ.

ನಗು ಅಲ್ಲಿಗೇ ನಿಲ್ಲಲಿಲ್ಲ. ಅತ್ತೆಗೆ ಮರೆವು ಶುರುವಾಗಿದೆ ಎಂಬ ಮಾತು ಮನೆಯಲ್ಲಿ ಗಟ್ಟಿಯಾಯಿತು. ಉಪ್ಪು ಹೆಚ್ಚಾದರೆ ಮರೆವು, ಹಾಲು ಉಕ್ಕಿದರೆ ಮರೆವು. ಗ್ಯಾಸ್ ಹಚ್ಚಬೇಡಿ ಎಂದರು. ಪಾಳ್ಯದ ಮಗಳ ಮನೆಗೆ ಒಬ್ಬಳೇ ಬಸ್ಸು ಹತ್ತಿ ಹೋಗಿ ಬರುತ್ತಿದ್ದವಳು. "ದಾರೀಲಿ ಎಲ್ಲಾದ್ರೂ ಇಳ್ದುಬುಟ್ರೆ ಎಲ್ಲಿ ಅಂತ ಹುಡ್ಕೋದು?" ಎಂದು ಅದನ್ನೂ ನಿಲ್ಲಿಸಿದರು. ಅತ್ತಿಗೆಯದು ಕೆಟ್ಟ ಮನಸ್ಸಲ್ಲ, ಹೆದರಿಕೆ. ಆ ಹೆದರಿಕೆ ಕೊಟ್ಟವನು ನಾನು.

ಹೇಳಬೇಕು ಎಂದು ಎಷ್ಟು ಸಲ — ಹೋಗಲಿ, ಹೇಳಲಿಲ್ಲ. ಅದರ ಬದಲು ಹಲಸಿನಲ್ಲಿ ಹೊಸ ಮರ ಮಾಡಿಕೊಟ್ಟೆ. ದೊಡ್ಡಮ್ಮ ಕೈಯಾಡಿಸಿ "ಚೆನ್ನಾಗೈತೆ ಮಗ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಹಳೇದ್ನ ಎಲ್ಲಿಟ್ನೋ ಏನೋ" ಎಂದಳು.

ಕೆಲವು ಗೌರಿ ಹಬ್ಬಗಳು ಹೀಗೇ ಕಳೆದವು. ನಿನ್ನೆ ಸಂಜೆ ಶೆಡ್ಡಿಗೆ ಬಂದಿದ್ದಳು. ಅದೂ ಇದೂ ಮಾತಾಡಿ, ಹೊರಡಲು ಎದ್ದವಳು ಬಾಗಿಲಲ್ಲಿ ನಿಂತುಬಿಟ್ಟಳು.

"ನಾನು ಬರೋವಾಗ ಕೊಡೆ ತಂದಿದ್ನಾ? ತಂದಿದ್ದೆ ಅನ್ಸ್ತದೆ. ನೀನೇ ಹೇಳಪ್ಪ, ನೀನು ಹೇಳಿದ್ರೆ ಸರಿ. ನನ್ ತಲೆ ನಂಬಂಗಿಲ್ಲ."

ಕೊಡೆ ಅಲ್ಲೇ, ತುಂಡುಗಳ ಗೂಡಿಗೆ ಒರಗಿ ನಿಂತಿತ್ತು. ಅವಳೇ ಒರಗಿಸಿದ್ದಳು.

ಇವತ್ತು ಬೆಳಿಗ್ಗೆ ಗೂಡಿನ ಹಿಂದಿನ ಮೊಳೆಗಳನ್ನು ಕಿತ್ತೆ. ಆಸರೆ ತೆಗೆದ ಕೂಡಲೇ ಅದು ಮುಂದಕ್ಕೆ ಮಗುಚಿ, ತುಂಡುಗಳೆಲ್ಲ ಶೆಡ್ಡಿನ ತುಂಬ ಚೆಲ್ಲಿದವು. ಹಾಗೇ ಬಿಟ್ಟಿದ್ದೇನೆ. ಕೊಯ್ದ ಎರಡೂ ತುಂಡು ಈಗ ನನ್ನ ಪಕ್ಕದಲ್ಲಿವೆ. ದೊಡ್ಡಮ್ಮನ ಮನೆಗೆ ಪಾಳ್ಯದ ಅಕ್ಕ ಬಂದಿದ್ದಾಳೆ, ಅಣ್ಣ ಅತ್ತಿಗೆ ಇಬ್ಬರೂ ಮನೆಯಲ್ಲೇ ಇದ್ದಾರೆ. ಎಲ್ಲರೂ ಇರುವಾಗಲೇ ಹೋಗಬೇಕು. ದೊಡ್ಡಮ್ಮನೊಬ್ಬಳ ಕಿವಿಯಲ್ಲಿ ಹೇಳಿ ಬಂದರೆ ಪ್ರಯೋಜನವಿಲ್ಲ.

ತಪ್ಪಾಯಿತು ಅನ್ನುವುದು ಆಮೇಲೆ. ಅವರು ಬೈಯುವುದು, ಮಾತು ಬಿಡುವುದು ಏನಿದ್ದರೂ ಆಮೇಲೆ. ಎರಡೂ ತುಂಡನ್ನು ಜಗಲಿಯ ಮೇಲೆ ಜೋಡಿಸಿಟ್ಟು, ಎಲ್ಲರಿಗೂ ಕೇಳುವ ಹಾಗೆ ಮೊದಲು ಹೇಳಬೇಕಾದದ್ದು ಇಷ್ಟೇ —

"ದೊಡ್ಡಮ್ಮ, ನೀನು ತಂದಿದ್ದೆ."