ಎಮೊರಿ ಕ್ಲೈನರ ನಡಿಗೆಗೆ ನಾನು ಹಾಕಿದ ಕೋಡ್

ಎಮೊರಿ ಕ್ಲೈನ್ ಪೆನ್ಸಿಲ್ವೇನಿಯಾದ ನಮ್ಮ ಪುಟ್ಟ ಊರಿನಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವರು. ಅವರನ್ನು ಕಂಡರೆ ನಾಯಿಗಳಿಗಾಗದು, ನಾಯಿಗಳನ್ನು ಕಂಡರೆ ಅವರಿಗಾಗದು. ಹೆಂಡತಿ ತೀರಿಕೊಂಡ ಮೇಲೂ ಶುಕ್ರವಾರ ಚರ್ಚಿನ ಮೀನೂಟಕ್ಕೆ ತಪ್ಪದೆ ಬಂದು, ಎಲ್ಲ ಸಪ್ಪೆ ಎಂದು ಬಡಿಸುವವರನ್ನು ಗೋಳುಹುಯ್ದುಕೊಳ್ಳುತ್ತಿದ್ದರು. ಎಂಬತ್ತರ ಹೊತ್ತಿಗೆ ಅವರ ಪಾದ ನೆಲ ಬಿಟ್ಟು ಮೇಲೇಳುತ್ತಿರಲಿಲ್ಲ, ಎಳೆದುಕೊಂಡೇ ಬರುತ್ತಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೆ.

ಕ್ಲಿನಿಕ್ಕಿನಲ್ಲಿ ನನ್ನ ಕೆಲಸ, ಡಾಕ್ಟರು ಬರೆದ ಕಾಯಿಲೆಗೆ ಕೋಡ್ ಹಾಕಿ ವಿಮೆಯವರಿಗೆ ಕಳಿಸುವುದು. ಡಾಕ್ಟರು ಬರೆಯದ್ದನ್ನು ನಾನು ಸೇರಿಸುವಂತಿಲ್ಲ. ಅನುಮಾನ ಬಂದರೆ ಅವರನ್ನೇ ಕೇಳಬೇಕು. ಎಮೊರಿಯವರ ಬಗ್ಗೆ ಡಾ. ಪ್ರೆಂಟಿಸ್ ಬರೆದದ್ದು ‘ನಡೆಯಲು ಕಷ್ಟ’, ಅಷ್ಟೇ. ಫಿಸಿಯೋಥೆರಪಿಯವಳು ಮಾತ್ರ ತನ್ನ ಪುಟದಲ್ಲಿ ‘ಕಾಲು ಎಳೆಯುತ್ತಾರೆ, ತಿಂಗಳಲ್ಲಿ ಎರಡು ಸಲ ಬಿದ್ದಿದ್ದಾರೆ’ ಎಂದು ಬರೆದಿದ್ದಳು.

ಕೇಳಬೇಕಿತ್ತು. ಆದರೆ ಆ ವಾರ ಆಗಲೇ ಮೂರು ಪ್ರಶ್ನೆ ಕಳಿಸಿ, “ಏನ್ರೀ ಡಾರ್ಲೀನ್, ನನಗೇ ಪರೀಕ್ಷೆ ಇಟ್ಟಿದ್ದೀರಾ?” ಎಂದು ಡಾಕ್ಟರಿಂದ ಎಲ್ಲರೆದುರು ಅನ್ನಿಸಿಕೊಂಡಿದ್ದೆ. ಊರ ಉಸಾಬರಿ ನನಗೇಕೆ ಎಂದು ‘ನಡೆಯಲು ಕಷ್ಟ’ ಎಂದಷ್ಟೇ ಹೇಳುವ, ಯಾರಿಗೂ ಹೊಂದುವ ಆರ್ 26.2 ಕೋಡ್ ಹಾಕಿ ಕೈತೊಳೆದುಕೊಂಡೆ. ಅದು ಸೋಮಾರಿತನವಲ್ಲ, ಹೇಡಿತನ.

ಕಳಿಸಿದ ಕೋಡಿನಲ್ಲಿ ಬಿದ್ದ ದಾಖಲೆಯಿಲ್ಲ, ಮನೆಗೇ ಬಂದು ಫಿಸಿಯೋಥೆರಪಿ ಮಾಡಿಸುವ ಅಗತ್ಯ ಕಾಣುವುದಿಲ್ಲ ಎಂದರು ವಿಮೆಯವರು. ಮೂರೇ ವಾರದಲ್ಲಿ ಎಮೊರಿ ಮನೆ ಮೆಟ್ಟಿಲ ಮೇಲೆ ಮುಗ್ಗರಿಸಿ ಸೊಂಟ ಮುರಿದುಕೊಂಡರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು. ಆಪರೇಷನ್ ಆಗಿ ವೃದ್ಧರ ಆರೈಕೆ ಮನೆ ಸೇರಿದರು.

ನೋಡಲು ಹೋದೆ. ನನ್ನನ್ನು ಕಂಡು ಮುಖ ಅರಳಿತು.

“ಬಾ ಮಗಳೇ. ನೀನು ಸರಿಯಾಗೇ ಬರ್ದಿರ್ತೀಯ, ಆ ವಿಮೆಯ ಬಡ್ಡೀಮಕ್ಳು ಓದಿರಲ್ಲ ಅಷ್ಟೇ.”

ಆ ಮಾತು ತಡೆಯಲಾಗಲಿಲ್ಲ. ಇದ್ದದ್ದನ್ನೆಲ್ಲ ಹೇಳಿಬಿಟ್ಟೆ.

“ನಾನು ನಡೆಯೋದನ್ನ ನೀನು ನೋಡಿದ್ದೆ ಅಲ್ವಾ?”

“ನೋಡಿದ್ದೆ.”

“ಡಾಕ್ಟರನ್ನ ಕೇಳೋಕೆ ಎಷ್ಟು ಹೊತ್ತು ಬೇಕಿತ್ತು?”

“ಎರಡು ನಿಮಿಷ.”

ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಮಂಚದ ಪಕ್ಕದ ಗಂಟೆ ಒತ್ತಿದರು.

“ಆ ಎದುರಿನ ಬಚ್ಚಲಿಗೆ ಹೋಗೋಕೆ ನನಗೀಗ ಇಪ್ಪತ್ತು ನಿಮಿಷ ಬೇಕು. ಇಬ್ರು ಹಿಡ್ಕೋಬೇಕು. ನೀನು ಆಚೆ ನಿಂತ್ಕೋ.”

ಬಾಗಿಲಾಚೆ ನಿಂತೆ. ಗಂಟೆ ಕೇಳಿ ಒಳಗೆ ಹೋದ ಇಬ್ಬರಲ್ಲಿ ಒಬ್ಬರು “ಒಂದು, ಎರಡು, ಮೂರು, ಏಳಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದರಿಂದ ಶುರುಮಾಡಿದರು.